ಸದ್ದಿರುವ ಮಂಜು

ಅವರ ಹಿಂದಿನ ರಾತ್ರಿ ನಮಗೆ ಬೆಳಗಿನ ಜಾವ.
ಪಾಲಿಬೆಟ್ಟದ ಕ್ಲಬ್ಬಿನಲ್ಲಿ ದೊರೆಗಳು ಕುಡಿದು ಮಲಗಿದ ಮೇಲೆ
ನಡುರಾತ್ರಿಯ ಪೂಜೆ ಮುಗಿಸಿ ಬಂದ ಅಪ್ಪ, ಬಟ್ಲರ್ ಇನಾಸ,
ಹೊಸ ಅಂಗಿಯಲ್ಲೇ ಕೂತು
ರೇಡಿಯೋದ ಗುಂಡಿ ತಿರುಗಿಸುತ್ತಿದ್ದ.

ಬ್ಯಾಟರಿ ಸಿದ್ದಾಪುರದ ಮಮ್ಮದುವಿನದು.
ಗಾಡಿ ಕುಲುಕಿದರೆ ಆಸಿಡ್ ಚೆಲ್ಲಿ
ಎತ್ತಿನ ಬಾಲ ಸುಟ್ಟೀತೆಂದು
ದಾರಿಯುದ್ದ ಮಡಿಲಲ್ಲಿಟ್ಟು ತರುತ್ತಿದ್ದ,
ಲುಂಗಿಯ ತುಂಬ ತೂತು.

ಮೊದಲು ಕೊಂಯ್ ಎಂದಿತು. ಆಮೇಲೆ
ಕಾದೆಣ್ಣೆಗೆ ಬಿದ್ದ ಕಿಡಿಯೊ ಹಾಗೆ ಚುರ್ರೆಂದಿತು.
ಆಮೇಲೆ, ಎರಡು ಸಮುದ್ರ ದಾಟಿ ದಣಿದು,
ನ್ಯೂಯಾರ್ಕಿನಲ್ಲಿ ಯಾರೋ ಕೆಮ್ಮಿದರು.
ಸಾಬೂನಿನ ಕಂಪನಿಯೊಂದು
ಕೇಳುವವರಿಗೆಲ್ಲ ಹಬ್ಬದ ಶುಭ ಕೋರಿತು.
'ನಮಗೂ ಸೇರಿ' ಅಂದ ಅಪ್ಪ.
ಪಾತ್ರೆ ತಿಕ್ಕುತ್ತಿದ್ದ ಕರಿಚ್ಚಿ
ಬೂದಿಗೈ ಒರೆಸಿಕೊಂಡು ನೆಟ್ಟಗೆ ಕೂತಳು.

ಆ ವರ್ಷದ ನಾಟಕದಲ್ಲಿ
ಮಂಜು ಬಿದ್ದು ರೈಲು ನಿಂತಿದೆ.
ಸ್ಟೇಶನ್ನಿನಲ್ಲಿ ಒಬ್ಬನೇ ಮಾಸ್ತರು.
ನಡುರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ.
ಅಪ್ಪ ಕನ್ನಡ, ಕೊಂಕಣಿ, ಕೊಡವ ಕಲಸಿ
ಒಂದೊಂದೇ ಮಾತು ಬಡಿಸುತ್ತಿದ್ದ.
ರೈಲೇ ಬಾರದ ನಾಡಿನಲ್ಲಿ
ನಿಂತ ರೈಲಿಗಾಗಿ ಮರುಗುತ್ತ ಕೂತೆವು.

ನಮ್ಮ ಮಾತಿನಲ್ಲಿ ಎರಡಕ್ಕೂ ಮಂಜು ಎಂದೇ ಹೆಸರು.
ನಮ್ಮದಕ್ಕೆ ಸದ್ದಿಲ್ಲ.
ಅವರದಕ್ಕಿತ್ತು. ಮಾಸ್ತರು ಬಾಗಿಲಿನತ್ತ ನಡೆದರೆ
ಕಿರುಕ್, ಕಿರುಕ್.
ಕಾವಲಿಗಿದ್ದ ಹವಾಲ್ದಾರ್ ಚೆಂಗಪ್ಪ,
ಇಟಲಿಯ ಯುದ್ಧದಲ್ಲಿ ಎರಡು ಬೆರಳು ಬಿಟ್ಟು ಬಂದವನು,
'ಇದೇ, ಇದೇ' ಎಂದು
ಬೂಟಿನೊಳಗಿನ ಕಾಲು ಹಿಂದಕ್ಕೆಳೆದುಕೊಂಡ.

ಮಾಸ್ತರು ಚಿಲಕಕ್ಕೆ ಕೈಯಿಟ್ಟ.
ಕೊಂಯ್.
ಆಮೇಲೆ ಯಾವುದೋ ದೇಶದ ಹಾಡು, ಆಮೇಲೆ ಬೆಳಕು,
ಆಮೇಲೆ ದೊರೆಗಳಿಗೆ ಚಹಾ.

ಅಪ್ಪ ಕಾಗದ ಬರೆದ: ಮಹನೀಯರೇ, ಬಾಗಿಲಲ್ಲಿ ಯಾರಿದ್ದರು?
ಕೈಲ್‌ಪೊಳ್ದಿನ ಹೊತ್ತಿಗೆ ಲಕೋಟೆ ಬಂತು.
ಉತ್ತರ ಇರಲಿಲ್ಲ, ಫೋಟೋ ಇತ್ತು:
ಕೋಟು ತೊಟ್ಟ ಬೊಕ್ಕತಲೆಯವನು,
ಮೇಜಿನ ಮೇಲೆ ತೆಂಗಿನ ಚಿಪ್ಪು, ಒಂಟಿ ಬಾಗಿಲು, ತಗಡು,
ಕೈಯಲ್ಲಿ ಹಿಸುಕುತ್ತಿದ್ದ ಜೋಳದ ಹಿಟ್ಟಿನ ಚೀಲ.
ಅಡಿಯಲ್ಲಿ ಅಚ್ಚಾಗಿತ್ತು: ನಮ್ಮ ಮಂಜು.

ಕರಿಚ್ಚಿ ನಕ್ಕೂ ನಕ್ಕೂ ಅತ್ತಳು.
ಚೆಂಗಪ್ಪ ಫೋಟೋವನ್ನು ಬಹಳ ಹೊತ್ತು ನೋಡಿದ.
'ಹಿಟ್ಟೇ ಇರಲಿ' ಅಂದ, 'ನನ್ನ ಕಾಲು ಮರಗಟ್ಟಿತ್ತಲ್ಲ.'

ಕೆಲವೇ ವರ್ಷ. ಆ ದೇಶದಲ್ಲಿ
ಕೇಳುವುದು ಬಿಟ್ಟು ನೋಡುವುದಕ್ಕೆ ಶುರುಮಾಡಿದರಂತೆ.
ಗುಂಡಿ ತಿರುಗಿಸಿದಲ್ಲೆಲ್ಲ ಬರೀ ಎಣ್ಣೆಯ ಸದ್ದು.

ಮಡಿಕೇರಿಗೆ ಆಕಾಶವಾಣಿ ಬಂದಾಗ
ನನಗೆ ತಲೆ ನರೆತಿತ್ತು.
ಹುತ್ತರಿಯ ರೂಪಕಕ್ಕೆ ಸದ್ದು ಮಾಡಲು ಕರೆದರು.
ಗದ್ದೆಗೇ ಹೋಗಿ ಹಿಡಿದು ತಂದ ಕುಯ್ಲು
ಯಾರೋ ಪೇಪರ್ ಹರಿದಂತೆ ಕೇಳಿತು.
ಅದನ್ನು ಬಿಸಾಕಿ
ಕಡ್ಡಿ ಪೊರಕೆಯೊಂದನ್ನು ಒದ್ದೆ ಮಾಡಿ
ಕುಡುಗೋಲಿಗೆ ಕೊಟ್ಟೆ: ಕರ್ರ್.
ಕೋವಿಗೆ, ಡೈರೆಕ್ಟರರ ರೆಕ್ಸಿನ್ ಕುರ್ಚಿಗೆ ಅಡಿಕೋಲಿನ ಏಟು.
ಪೊಲಿ ಪೊಲಿ ಎಂದು ಕೂಗಿದವರು
ಕ್ಯಾಂಟೀನಿನ ಇಬ್ಬರು ಮತ್ತು ಡ್ರೈವರು.
ಹುಣ್ಣಿಮೆಗೆ ಏನು ಮಾಡೋಣ ಎಂದರು.
ಮೂರು ಸೆಕೆಂಡು ಸುಮ್ಮನಿದ್ದೆವು.

ನಾಪೋಕ್ಲಿನಿಂದ ಕಾರ್ಡು ಬಂತು.
'ಅದು ಯಾರ ಗದ್ದೆ? ಹೊಳೆಯ ಬದಿಯದಿರಬೇಕು,
ಕದಿರು ತುಂಬಿದ್ದು ಸದ್ದಿನಲ್ಲೇ ತಿಳಿಯಿತು.
ಮಂಡಿ ನೋವು. ಈ ಸಲ ನಾನು ಗದ್ದೆಗಿಳಿಯಲಿಲ್ಲ.'
ಪೊರಕೆ ಎಂದು ಬರೆದು, ಹೊಡೆದುಹಾಕಿ,
ಹೌದು, ಹೊಳೆಯ ಬದಿಯದೇ, ಎಂದು ಬರೆದೆ.

ಆ ಬಾಗಿಲಲ್ಲಿ ಯಾರಿದ್ದರೋ ಇವತ್ತಿಗೂ ಗೊತ್ತಿಲ್ಲ.
ಅಪ್ಪ ಇರುವವರೆಗೂ ಪ್ರತಿ ಡಿಸೆಂಬರಿಗೆ
ಅಡುಗೆಮನೆಯ ಕತ್ತಲಲ್ಲಿ, ಮೈದಾಚೀಲ ಹಿಸುಕುತ್ತ,
ಒಬ್ಬೊಬ್ಬರನ್ನು ತಂದು ನಿಲ್ಲಿಸುತ್ತಿದ್ದ:
ಒಮ್ಮೆ ದಾರಿ ತಪ್ಪಿದ ಗಾರ್ಡು,
ಒಮ್ಮೆ ಕರಿಚ್ಚಿಯ ತೀರಿಹೋದ ಮಗ, ಆಗ ಯಾರೂ ಕೆಮ್ಮಲಿಲ್ಲ,
ಕೊನೆಯ ವರ್ಷ ಮಮ್ಮದು,
ಮಡಿಲಲ್ಲಿ ಬ್ಯಾಟರಿ, ಲುಂಗಿಯ ತುಂಬ ತೂತು,
ತಡವಾಯಿತು ಎನ್ನುತ್ತ.